ಕೆನೆಬಣ್ಣದ ಕಾರ್ಡು

ಚಿತ್ರದುರ್ಗದ ಆ ಬೀದಿಗೆಲ್ಲ ತಿಪ್ಪೇಸ್ವಾಮಿಯದು ಒಂದೇ ಪ್ರಿಂಟಿಂಗ್ ಅಂಗಡಿ. ಆಹ್ವಾನ ಪತ್ರಿಕೆ ಮಾಡಿಸಲು ಬಂದ ಹೆಂಗಸು ಒಂದೊಂದು ಕಾಗದವನ್ನೂ ಮುಟ್ಟಿ ನೋಡಿ ಪ್ರಶ್ನೆ ಕೇಳತೊಡಗಿದಾಗ ಅವನಿಗೆ ಹುರುಪು ಬಂತು. ಇಷ್ಟು ಆಸಕ್ತಿಯ ಗಿರಾಕಿ ಹನ್ನೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ.

“ಈ ಹೊಳೆಯೋದು ಚೆನ್ನಾಗಿದೆಯಲ್ಲ?”

“ಅದು ಇಂಕ್ ಪ್ರಿಂಟರಿಗೆ ಮೇಡಂ. ಲೇಸರ್‌ಗೆ ಹಾಕಿದ್ರೆ ಬಿಸಿಗೆ ಕರಗಿ ಒಳಗೇ ಅಂಟ್ಕೊಳ್ಳುತ್ತೆ. ಮಷೀನೇ ಹೋಯ್ತು!”

“ಈ ದಪ್ಪ ಕಾರ್ಡು?”

“ಕೆಳಗಿನ ಟ್ರೇಗೆ ಹಾಕಬಾರದು, ಸಿಕ್ಕಾಕೊಳ್ಳುತ್ತೆ. ಹಿಂದಿನಿಂದ ಒಂದೊಂದೇ ಕೊಡಬೇಕು. ಮಡಚೋ ಕಡೆ ಮೊದಲೇ ಗೆರೆ ಒತ್ತಬೇಕು, ಇಲ್ಲಾಂದ್ರೆ ಬಿರಿಯುತ್ತೆ.”

“ಇದನ್ನೆಲ್ಲ ಎಲ್ಲಿಂದ ತರಿಸ್ತೀರ ಸಾರ್?”

ತಿಪ್ಪೇಸ್ವಾಮಿ ಎರಡು ಟೀ ಹೇಳಿ, ಸಗಟು ವ್ಯಾಪಾರಿಯ ಫೋನ್ ನಂಬರನ್ನೂ ಬರೆದುಕೊಟ್ಟ.

ಕೊನೆಗೆ ಅವಳು ಕೆನೆಬಣ್ಣದ ಕಾರ್ಡು ಆರಿಸಿ, ಒಕ್ಕಣೆ ಬರೆದ ಹಾಳೆ ಕೊಟ್ಟಳು. ಅವನು ಟೈಪ್ ಮಾಡುತ್ತ ಹೋದ. ‘ನೂತನ ಪ್ರಿಂಟಿಂಗ್ ಅಂಗಡಿಯ ಪ್ರಾರಂಭೋತ್ಸವ’ ಎಂಬಲ್ಲಿ ಬೆರಳುಗಳು ನಿಂತವು. ವಿಳಾಸ ಓದಿ ತಲೆಯೆತ್ತಿದ. ರಸ್ತೆಯಾಚೆ, ತನ್ನ ಅಂಗಡಿಗೆ ನೇರ ಎದುರಿನ ಮಳಿಗೆಯ ಮೇಲೆ ಪೇಂಟರ್ ಒಬ್ಬ ಬೋರ್ಡು ಬರೆಯುತ್ತಿದ್ದ.

“ಅಲ್ಲಮ್ಮಾ, ಎಲ್ಲ ನನ್ನ ಹತ್ರಾನೇ ಕಲ್ತು ನನ್ನೆದುರಿಗೇ ಅಂಗಡಿ ಹಾಕ್ತೀರಾ?” ಅವನ ದನಿ ಏರಿತು.

“ಎಷ್ಟೋ ಅಂಗಡಿ ಸುತ್ತಿದೆ ಸಾರ್. ನಿಮ್ಮಷ್ಟು ಬಿಡಿಸಿ ಯಾರೂ ಹೇಳಿಕೊಡಲಿಲ್ಲ” ಎಂದಳು ಅವಳು. “ಉದ್ಘಾಟಕರು ಅನ್ನೋ ಕಡೆ ಜಾಗ ಬಿಟ್ಟಿದ್ದೀನಿ. ಅಲ್ಲಿ ನಿಮ್ಮ ಹೆಸರು ಹಾಕಿ.”