ಒಂಬತ್ತು ಸಾವಿರ ಸೋಮಿನ ಕ್ಯಾಮೆರಾ

"ಅದನ್ನ ಹಾಗೆ ಹಿಡೀಬೇಡಿ ಅಕ್ಕಾ, ಅದೇನು ಪಲಾವಿನ ಕಡಾಯಿಯಾ?" ಎಂದ ಹಮ್ದಮ್, ಕೂತಲ್ಲಿಂದಲೇ.

ಹೆಂಗಸು ಬೆಚ್ಚಿ ವಿಡಿಯೋ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಕ್ಯಾಮೆರಾ ಅಂಗಡಿಯ ತುರ್ಸುನ್ ನಕ್ಕ. ಯಾರಾದರೂ ನಕ್ಕರೆ ಹಮ್ದಮನಿಗೆ ಇನ್ನಷ್ಟು ಹುರುಪು.

ಓಶ್ ಊರಿನ ಪೇಟೆಯಲ್ಲಿ ಹದಿನೈದು ವರ್ಷದಿಂದ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು ಅವನು. ಈಚೆಗೆ ಇನ್ನಿಬ್ಬರು ಬಂದಿದ್ದರು. ಅರ್ಧ ಮದುವೆಗಳು ಕೈತಪ್ಪಿದ್ದವು. ಉಳಿದಿದ್ದುದು ಒಂದೇ ಆಸೆ, ಮಾಮಜಾನ್ ಹಾಜಿಯ ಮಗಳ ಮದುವೆ. ಹಾಜಿಯ ಮನೆಗೆ ಯಾರನ್ನು ಕರೆದರೋ ಆ ಬೀದಿಯ ನಲವತ್ತು ಮನೆಗಳೂ ಅವರನ್ನೇ ಕರೆಯುತ್ತವೆ. ಅದೂ ಹೋದರೆ ಅಣ್ಣಂದಿರ ಹಾಗೆ ರಷ್ಯಾಕ್ಕೆ ಹೋಗಿ ಪರರ ಗೋಡೆಗೆ ಗಾರೆ ಬಳಿಯಬೇಕು. ಗುರುವಾರ ಮಧ್ಯಾಹ್ನದ ನಮಾಜಿನ ನಂತರ ತಿಳಿಸುತ್ತೇವೆ ಎಂದಿದ್ದರು ಹಾಜಿಯ ಮನೆಯವರು. ಇಂದು ಗುರುವಾರ. ನಮಾಜಿನ ಹೊತ್ತು ಕಳೆದಿತ್ತು. ಹಮ್ದಮ್ ನಮಾಜಿಗೆ ಹೋಗದೆ ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದ.

"ಯೋಚನೆ ಮಾಡೋಕೆ ಏನಿದೆಯೋ ಆ ಮುದುಕನಿಗೆ! ಮನೆ ನೋಡೋಕೆ ಹೋದ್ರೆ ಹೊರಕೋಣೇಲೇ ಚಹಾ ಕೊಟ್ಟು ಕೂರಿಸಿದ್ರು. ಒಳಗಿನ ಅಂಗಳದಲ್ಲಿ ಬೆಳಕು ಹೇಗಿದೆ ನೋಡ್ಬೇಕು ಅಂದೆ. ಅವನ ಹಿರೀ ಮಗ ಗಡ್ಡ ಸವರ್ಕೊಂಡು 'ನೋಡೋಣ' ಅಂದ. ಎಲ್ಲಾ ರೇಟು ಇಳಿಸೋ ಆಟ ಕಣೋ ತುರ್ಸುನ್. ಎರಡು ಸಲ ಮೆಕ್ಕಾಗೆ ಹೋದ್ರೂ ಜಿಪುಣತನ ಅಲ್ಲಿ ಬಿಟ್ಟು ಬರಲಿಲ್ಲ."

ತುರ್ಸುನ್ ಹೆಂಗಸಿನ ಕಡೆ ತಿರುಗಿದ. "ನಿಮ್ಮ ಹತ್ರ ಎಷ್ಟಿದೆ ಅಕ್ಕಾ?"

"ಒಂಬತ್ತು ಸಾವಿರ ಸೋಮ್. ಅದರ ಮೇಲೆ ಬಸ್ಸಿನ ಕಾಸು, ಅಷ್ಟೇ."

"ಒಂಬತ್ತು ಸಾವಿರಕ್ಕೆ ಕ್ಯಾಮೆರಾದ ಡಬ್ಬ ಬರುತ್ತೆ," ಎಂದ ಹಮ್ದಮ್. "ಒಳಗೆ ಕ್ಯಾಮೆರಾ ಇರಲ್ಲ. ಯಾತಕ್ಕೆ, ಮದುವೆಗಾ?"

"ಮದುವೆಗೇ."

ಐವತ್ತು ದಾಟಿದ ಹೆಂಗಸು ಮದುವೆಗೆಂದು ಕ್ಯಾಮೆರಾ ಕೊಳ್ಳಲು ಬಂದರೆ ಆ ಊರಿನಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಹಮ್ದಮನೂ ಕೇಳಲಿಲ್ಲ. ಅವನ ಕಣ್ಣು ಆಕೆಯ ಕಡುನೀಲಿ ಉಡುಪಿನ ಮೇಲೆ ಬಿತ್ತು. ಆ ಕಡೆ ಅದು ಸಾವಿನ ಮನೆಯ ಬಣ್ಣ.

"ಯಾರು ಹೋಗಿದ್ದು?"

"ನಮ್ಮ ಮನೆಯವರು. ಐದು ತಿಂಗಳಾಯ್ತು."

"ವರ್ಷ ತುಂಬಿಲ್ಲ, ಆಗಲೇ ಮನೇಲಿ ಡೋಲು! ಮಗನಿಗೆ ಅಷ್ಟೊಂದು ಅವಸರವಾ?"

ಆಕೆ ಶಾಲನ್ನು ಸರಿಪಡಿಸಿಕೊಂಡಳು. "ಎಲ್ಲದಕ್ಕೂ ವರ್ಷ ಕಾಯೋಕಾಗುತ್ತಾ ತಮ್ಮಾ?"

ತುರ್ಸುನ್ ಮೊದಲು ಬೆಳ್ಳಿಯಂತೆ ಹೊಳೆಯುವ ಹೊಸದೊಂದನ್ನು ತೋರಿಸಿದ.

"ತಗೊಳ್ಳಿ, ತಗೊಳ್ಳಿ," ಎಂದು ಹಮ್ದಮ್ ಕಣ್ಣು ಮಿಟುಕಿಸಿದ. "ಬೀಗರು ನೋಡಿದ್ರೆ ಬಾಯಿ ಬಿಡ್ತಾರೆ."

ಆಕೆ ಅದನ್ನು ಮೇಜಿನ ಕೆಳಗಿನ ಕತ್ತಲೆಗೆ ಹಿಡಿದು ಪುಟ್ಟ ಪರದೆಯನ್ನು ನೋಡಿದಳು. ಅಲ್ಲಿ ಮರಳು ಚೆಲ್ಲಿದಂತೆ ಕಾಣುತ್ತಿತ್ತು. "ಕಿಟಕಿಗೆ ಪರದೆ ಎಳೆದಿರೋ ಕೋಣೇಲಿ ಇದು ಮುಖ ಹಿಡಿಯಲ್ಲ," ಎಂದು ಪಕ್ಕಕ್ಕಿಟ್ಟಳು. ಎರಡನೆಯದರ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ ಎಂದು ತಿಳಿದು ಅದನ್ನೂ ಬಿಟ್ಟಳು. ಮೂರನೆಯದು ಯಾರೋ ಬಳಸಿ ಮಾರಿದ್ದು. ಮೂಲೆಗಳು ಸವೆದಿದ್ದವು, ಬಣ್ಣ ಮಾಸಿತ್ತು, ಗಾಜು ಮಾತ್ರ ಅಗಲ. ಅದನ್ನು ಕತ್ತಲೆಗೆ ಹಿಡಿದಾಗ ತುರ್ಸುನನ ಹರಕು ಚಪ್ಪಲಿಯ ಹೊಲಿಗೆ ಕೂಡ ಕಂಡಿತು.

"ಇದಕ್ಕೆ ಹನ್ನೊಂದು ಸಾವಿರ," ಎಂದ ತುರ್ಸುನ್.

"ಒಂಬತ್ತು."

"ಕೊಟ್ಟು ಕಳಿಸೋ," ಎಂದ ಹಮ್ದಮ್. "ಆ ಹಳೇ ಸಾಮಾನನ್ನ ಇನ್ಯಾರು ಕೇಳ್ತಾರೆ? ಕ್ಯಾಮೆರಾದವನನ್ನ ಕರೆಯೋಕೆ ಕೈಲಾಗದ ಬಡವರ ಮದುವೆಗೆ ಅದೇ ಸರಿ."

ತುರ್ಸುನ್ ಗೊಣಗುತ್ತಲೇ ಒಪ್ಪಿದ. "ರಸೀದಿ ಯಾರ ಹೆಸರಿಗೆ?"

"ಸನೋಬರ್ ಅಂತ ಬರಿಯಪ್ಪ." ನಂತರ ಆಕೆ ಹಮ್ದಮನ ಕಡೆ ತಿರುಗಿದಳು. "ನೀವು ಕೆಲಸ ಬಲ್ಲವರು. ಹಿಡಿಯೋದು ಹೇಗೆ, ಸ್ವಲ್ಪ ಹೇಳಿಕೊಡ್ತೀರಾ?"

ಬೇಡುವವರ ಮುಂದೆ ಹಮ್ದಮ್ ಯಾವಾಗಲೂ ಉದಾರಿ. ಎದ್ದು ಬಂದು ಆಕೆಯ ಪಕ್ಕ ನಿಂತು, ಗಟ್ಟಿ ದನಿಯಲ್ಲಿ, ಪಕ್ಕದ ಅಂಗಡಿಯವರಿಗೂ ಕೇಳುವಂತೆ ಹೇಳಿಕೊಟ್ಟ.

"ಮೊಣಕೈ ಪಕ್ಕೆಗೆ ಒತ್ತಿ. ಉಸಿರು ಹಿಡೀರಿ. ಹತ್ತಿರ ಬೇಕಾದ್ರೆ ಗುಂಡಿ ಒತ್ತಬೇಡಿ, ಕಾಲು ಮುಂದಿಡಿ. ಒಂದೊಂದು ಮುಖದ ಮೇಲೆ ಹತ್ತು ಎಣಿಸೋ ತನಕ ನಿಲ್ಲಿ. ಕುಣಿಯೋರ ಹಿಂದೆ ಓಡಬೇಡಿ, ಅವರೇ ಬರ್ತಾರೆ. ಮುದುಕಿಯರನ್ನ ಮೊದಲು ಹಿಡೀರಿ. ಮುದುಕಿಯರು ಮೆಚ್ಚಿದ್ರೆ ಮುಂದಿನ ಮದುವೆಗೂ ಕರೆಸ್ತಾರೆ. ನನಗೆ ಇದನ್ನ ಕಲಿಯೋಕೆ ಹತ್ತು ವರ್ಷ ಹಿಡೀತು. ನಿಮಗೆ ಒಂದು ದಿನದ ಆಟಕ್ಕೆ ಯಾಕೆ ಹೇಳ್ತಿದ್ದೀನೋ!"

ಆಕೆ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದಳು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು, ಅವನ ಮುಖದ ಮೇಲೆ ಹತ್ತು ಎಣಿಸಿದಳು. ಕೈ ನಡುಗಲಿಲ್ಲ.

"ದೇವರು ನಿಮಗೆ ಒಳ್ಳೇದು ಮಾಡಲಿ ತಮ್ಮಾ. ಹೇಳಿಕೊಟ್ಟ ಪುಣ್ಯ ದೊಡ್ಡದು."

"ಮಗನ ಮದುವೆ ಕ್ಯಾಸೆಟ್ಟು ತಂದು ತೋರಿಸಿ, ನಗೋಕೆ ಏನಾದ್ರೂ ಬೇಕಲ್ಲ," ಎಂದು ಅವನು ಆಕೆಯ ಬೆನ್ನಿಗೆ ಕೂಗಿದ. ಆಕೆ ಕ್ಯಾಮೆರಾವನ್ನು ಶಾಲಿನೊಳಗೆ ಮಗುವಿನಂತೆ ಅವುಚಿಕೊಂಡು ಜನಜಂಗುಳಿಯಲ್ಲಿ ಮರೆಯಾದಳು. ಹಮ್ದಮ್ ಆಕೆ ಕ್ಯಾಮೆರಾ ಹಿಡಿದ ಬಗೆಯನ್ನು ಅಣಕಿಸಿ ತೋರಿಸಿದ. ತುರ್ಸುನ್ ಚಹಾ ಬಗ್ಗಿಸುತ್ತ ನಕ್ಕ.

ಎರಡನೆಯ ಬಟ್ಟಲು ಮುಗಿಯುವ ಹೊತ್ತಿಗೆ ಫೋನು ಬಂತು. ಹಾಜಿಯ ಹಿರಿಮಗ.

"ಹಮ್ದಮ್ ಅಣ್ಣಾ, ಬೇಜಾರು ಮಾಡ್ಕೋಬೇಡಿ. ರೇಟಿನ ಮಾತಲ್ಲ. ಒಳಗೆ ಹೆಂಗಸರು ಕೂತಿರೋ ಕಡೆ ಪರಗಂಡಸು ಬರೋದು ಅಪ್ಪನಿಗೆ ಒಪ್ಪಿಗೆಯಿಲ್ಲ. ಅಮ್ಮನ ಪರಿಚಯದ ಒಬ್ಬ ಹೆಂಗಸು ಇದ್ದಾರೆ. ಗುರುವಾರದೊಳಗೆ ಒಂದು ಕ್ಯಾಮೆರಾ ಹೊಂದಿಸಿದ್ರೆ ನಮ್ಮ ಬೀದಿ ಮದುವೆಗಳೆಲ್ಲ ಅವರಿಗೇ ಅಂದಿದ್ರು ಅಪ್ಪ. ಈಗಷ್ಟೇ ಆ ಅಕ್ಕ ಹೇಳಿ ಕಳಿಸಿದ್ರು, ಕ್ಯಾಮೆರಾ ಸಿಕ್ಕಿತಂತೆ."

"ಯಾವ ಹೆಂಗಸು?" ಎಂದ ಹಮ್ದಮ್.

"ಸನೋಬರ್ ಅಕ್ಕ ಅಂತ, ಮಕ್ಕಳಿಲ್ಲದ ವಿಧವೆ. ನಿಮಗೆ ಗೊತ್ತಿರಲಿಕ್ಕಿಲ್ಲ."