ಮುಂದಿನವನ ಹೆಗಲು

ಬಲ್ಗೇರಿಯಾದವರು ಕಣಿವೆಗೆ ಅಡ್ಡಲಾಗಿ ಕಟ್ಟಿದ್ದ ಮರದ ಕೋಟೆಯನ್ನು ಬೈಜಾಂಟಿಯಂ ಸೈನ್ಯಕ್ಕೆ ಎದುರಿನಿಂದ ಅಲ್ಲಾಡಿಸಲೂ ಆಗಲಿಲ್ಲ. ಕೊನೆಗೆ ಅದು ಕುದುರೆಗಳ ಸಮೇತ ಹಿಂದಿನ ಬೆಟ್ಟದಿಂದ ಇಳಿದುಬಂದು ಕುರಿ ಕಡಿದಂತೆ ಕಡಿಯಿತು. ಸೆರೆ ಸಿಕ್ಕವರ ಕಣ್ಣುಗಳನ್ನು ಕಾದ ಕಬ್ಬಿಣದಿಂದ ಚುಚ್ಚಿಸಿದ ಬೈಜಾಂಟಿಯಂ ಚಕ್ರವರ್ತಿ, ಊರಿನ ದಾರಿ ನೋಡಿಕೊಳ್ಳಲಿ ಎಂದು ನೂರಕ್ಕೊಬ್ಬನಿಗೆ ಒಂದು ಕಣ್ಣು ಉಳಿಸಿದ. ಬಲ್ಗೇರಿಯಾದ ಸೈನಿಕ ರಾದೊನ ಗುಂಪಿನಲ್ಲಿ ಅದು ಉಳಿದದ್ದು ಅವನ ಅಕ್ಕನ ಗಂಡನಿಗೆ.

ಭಾವನ ಹೆಗಲು ಹಿಡಿದು ರಾದೊ, ರಾದೊನ ಹೆಗಲು ಹಿಡಿದು ಉಳಿದವರು ಕೋಟೆಯ ಹಿಂದಿನ ಅದೇ ಬೆಟ್ಟ ಹತ್ತಿದರು. ರಕ್ತ ಹೆಪ್ಪುಗಟ್ಟಿದ ಮುಖಗಳಿಗೆ ನೊಣ ಮುತ್ತುತ್ತಿದ್ದವು.

"ನಾವಿಬ್ಬರೇ ಆಡು ಹೊಡೆದುಕೊಂಡು ಬರುತ್ತಿದ್ದ ಕಾಲುದಾರಿ ಅಲ್ಲವೇ ಇದು, ಭಾವ? ಬೇರೆ ಯಾರಿಗೂ ಗೊತ್ತಿಲ್ಲದ್ದು."

"ಹೌದು ಕಣೋ. ಬೇಗ ಊರು ಸೇರಬಹುದು."

ರಾದೊನ ಬರಿಗಾಲು ಮೆತ್ತಗಿನದೇನನ್ನೋ ತುಳಿಯಿತು. ಕುದುರೆ ಲದ್ದಿ. ಮುಂದೆಯೂ ಲದ್ದಿಯೇ.

"ಇಲ್ಲಿಗೆ ಕುದುರೆಗಳು ಹೇಗೆ ಬಂದವು?"

ಕೈಯಡಿಯ ಹೆಗಲು ಬಿಗಿಯಿತು. "ಯಾರಿಗೆ ಗೊತ್ತು."

ಬೆಟ್ಟ ಇಳಿಯುವಾಗ ನಾಯಿ ಬೊಗಳುವುದು ಕೇಳಿಸಿತು.

"ಊರು ಕಾಣಿಸಿತೇ, ಭಾವ?"

"ಕಾಣಿಸಿತು. ಇನ್ನು ನೇರ ಇಳಿಜಾರು. ನಿಮ್ಮಕ್ಕ ಓಡಿಬರುತ್ತಿದ್ದಾಳೆ."

"ಹಾಗಾದರೆ ಆ ಕಣ್ಣಿನ ಕೆಲಸ ಮುಗಿಯಿತು" ಎಂದ ರಾದೊ, ಹೆಗಲ ಮೇಲಿದ್ದ ಕೈಯನ್ನು ಭಾವನ ಗಂಟಲಿಗೆ ತಂದು ಹಿಸುಕಿದ.