ಮೂವತ್ತಾರು ಹೆಜ್ಜೆ

ಸಿಕ್ಸ್ಟನ್ ಹೆಜ್ಜೆ ಅಳೆಯುತ್ತಿದ್ದ ರೀತಿ ಹಾಲ್ವಾರ್‌ಗೆ ಸರಿಬರಲಿಲ್ಲ. ಅರವತ್ತೆಂಟರ ಮನುಷ್ಯ, ಒದ್ದೆ ಪಾಚಿಯ ಮೇಲೆ ಕೊಕ್ಕರೆಯ ಹಾಗೆ ಕಾಲು ಚಾಚಿ ಚಾಚಿ ಹೋಗುತ್ತಿದ್ದ. ಗುಂಡು ತಗುಲಿದ ಜಾಗದಿಂದ ಮೂಸ್ ಎಂಬ ಆ ದೈತ್ಯ ಕಾಡುಜಿಂಕೆ ಬಿದ್ದ ಜಾಗದವರೆಗೆ ಹೆಜ್ಜೆ ಕಡಿಮೆಯಾದಷ್ಟೂ ಅವನಿಗೆ ಲಾಭ.

"ಕಾಲು ಹತ್ತಿರ ಇಡು ಸಿಕ್ಸ್ಟನ್. ಪ್ಯಾಂಟ್ ಹರಿಯುತ್ತೆ," ಎಂದಳು ಗುನ್ವೊರ್. ಬೇಟೆಯ ತಂಡಕ್ಕೆ ಅವಳೇ ಮುಖ್ಯಸ್ಥೆ. ಅವನನ್ನು ಹಿಂದಕ್ಕೆ ಕರೆದು ತಾನೇ ಅಳೆದಳು. ಮೂವತ್ತಾರು.

ಹಾಲ್ವಾರ್‌ನ ಎದೆ ಅರ್ಧ ಹಗುರವಾಯಿತು. ಸೋಮವಾರ ಅವನು ಹೊಡೆದ ಮೂಸ್ ಓಡಿದ್ದೂ ಮೂವತ್ತಾರೇ ಹೆಜ್ಜೆ.

ಪಣಕ್ಕಿದ್ದದ್ದು ಬೇಟೆಗೆ ಕಾದು ಕೂರುವ ಕೆರೆದಂಡೆಯ ಅಟ್ಟಣೆ. ಯೆಮ್ಟ್‌ಲಾಂಡ್‌ನ ಆ ಕಾಡಿನಲ್ಲಿ ಹಾಲ್ವಾರ್ ಮತ್ತು ಅವನ ಹೆಂಡತಿ ಸಿಗ್ನೆ ಮೂವತ್ತು ಶರತ್ಕಾಲ ಅಲ್ಲಿ ಒಟ್ಟಿಗೆ ಕೂತಿದ್ದರು. ಅವಳ ತಗಡಿನ ಲೋಟ ಇನ್ನೂ ಅಲ್ಲಿಯ ಮೊಳೆಯಲ್ಲಿ ತೂಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ದೇವರು ಅವಳನ್ನು ಕರೆಸಿಕೊಂಡ. ತಂಡದ ಕಟ್ಟಳೆ ಹಳೆಯದು: ಜೋಡಿಯಲ್ಲಿ ಒಬ್ಬರು ತೀರಿಕೊಂಡರೆ ಅಟ್ಟಣೆ ತಂಡಕ್ಕೆ ಮರಳುತ್ತದೆ, ಆ ವರ್ಷ ಯಾರ ಮೂಸ್ ಕಡಿಮೆ ಓಡಿ ಬೀಳುತ್ತದೋ ಅವರಿಗೆ ಸೇರುತ್ತದೆ. ಲೋಟದ ಮಾತು ಕಟ್ಟಳೆಯಲ್ಲಿಲ್ಲ.

ಎದುರಾಳಿ ಸಿಕ್ಸ್ಟನ್ ಬೇರೆ ಯಾರೂ ಅಲ್ಲ, ಸಿಗ್ನೆಯ ಒಡಹುಟ್ಟಿದ ತಮ್ಮ. ಭಾವನಿಗೂ ಭಾವಮೈದುನನಿಗೂ ಮೂವತ್ತು ವರ್ಷದಿಂದ ಒಂದೇ ಜಗಳ. ಹಾಲ್ವಾರ್‌ನದು ಅಪ್ಪನ ಕಾಲದ ಒಂಬತ್ತು ಪಾಯಿಂಟ್ ಮೂರರ ಕೋವಿ: ಭಾರದ ಗುಂಡು, ಸಾವಧಾನದ ನಡೆ. ಸಿಕ್ಸ್ಟನ್‌ನದು ಮೂರೈವತ್ತೆಂಟು ಮ್ಯಾಗ್ನಮ್: ಗುಂಡು ಕೊಂಚ ಹಗುರ, ಆದರೆ ತೋಟೆಯ ಹೊಟ್ಟೆ ದೊಡ್ಡದು, ಹಿಡಿಯುವ ಮದ್ದು ಹೆಚ್ಚು, ವೇಗ ವಿಪರೀತ. ಭಾವನ ಕೋವಿಗೆ ಅವನು ಇಟ್ಟ ಹೆಸರು ಹಾಲಿನ ಗಾಡಿ, ತನ್ನದು ಸಿಡಿಲು. ತಂಡದ ಪುಸ್ತಕದಲ್ಲಿ ಮಾತ್ರ ಹಾಲಿನ ಗಾಡಿಯೂ ಸಿಡಿಲೂ ವರ್ಷ ವರ್ಷ ಹೆಚ್ಚುಕಡಿಮೆ ಅಷ್ಟಷ್ಟೇ ಹೆಜ್ಜೆಗೆ ಮೂಸ್ ಕೆಡವಿದ್ದವು; ಎರಡೂ ಒಂದೇ ಎನ್ನಲು ಹಾಲ್ವಾರ್‌ಗೆ ಅದೇ ಸಾಕ್ಷಿ. ಅದಕ್ಕೂ ಸಿಕ್ಸ್ಟನ್ ಬಳಿ ಉತ್ತರವಿತ್ತು. ತನ್ನ ಪಾಲಿಗೆ ಬಂದ ಮೂಸ್‌ಗಳೆಲ್ಲ ಹಟಮಾರಿ ಜಾತಿಯವಂತೆ.

ಆ ಕೋವಿ ಕೊಂಡ ವರ್ಷ ಅವನ ಬಲಭುಜದ ಎಲುಬು ಮರದ ದಿಮ್ಮಿಗೆ ಸಿಕ್ಕಿ ಮುರಿದು ಆಗಷ್ಟೇ ಕೂಡಿತ್ತು. ಮೊದಲ ಋತುವಿನಲ್ಲಿ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಎರಡನೆಯ ಋತುವಿನಿಂದ ಒದೆತ ಪಳಗಿತು. ಗಂಡಸಿನ ಭುಜ ಒಂದು ಸಲಕ್ಕೆ ಕಲಿಯುತ್ತದೆ ಎಂದು ಅವನು ಊರಿಗೆಲ್ಲ ಸಾರಿದ. ಅಂಗಡಿಯ ತೋಟೆ ದುಬಾರಿಯೆಂದು ಸಿಗ್ನೆ ಆ ಎರಡನೆಯ ಋತುವಿನಿಂದ ಗಂಡನ ತೋಟೆಗಳ ಜೊತೆ ತಮ್ಮನವನ್ನೂ ಮನೆಯಲ್ಲೇ ತುಂಬಿಕೊಡುತ್ತಿದ್ದಳು: ಅಡುಗೆಮನೆಯ ಮೇಜು, ಮದ್ದಿನ ಡಬ್ಬಿ, ಒಂದು ಪುಟ್ಟ ಹಿತ್ತಾಳೆ ಅಳತೆ, ಬಾಯಲ್ಲಿ ಕೀರ್ತನೆ. ತಮ್ಮ ಸಿಡಿಲಿನ ಪುರಾಣ ತೆಗೆದಾಗಲೆಲ್ಲ ಅವಳಿಗೆ ಕೆಮ್ಮು ಬರುತ್ತಿತ್ತು. ಏಪ್ರನ್ನಿನ ಅಂಚು ಬಾಯಿಗೊತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದಳು.

ಮಾಂಸ ಕೊಯ್ಯುವ ಶೆಡ್ಡಿನ ಹಿಂದೆ, ಜಲ್ಲಿಗುಂಡಿಯ ಬಳಿ, ತಂಡ ಕಾಫಿಗೆ ಕೂತಿತು. ಸಮಸಮ ಬಂದಾಗ ಏನು ಮಾಡಬೇಕೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಚೀಟಿ ಎತ್ತೋಣ ಎಂದಳು ಗುನ್ವೊರ್. ಸಿಕ್ಸ್ಟನ್ ಆ ಕಡೆಯ ರೂಢಿಯಂತೆ ಕಾಫಿಯಲ್ಲಿ ನೆನೆಸಿದ ಚೀಸಿನ ತುಂಡನ್ನು ನುಂಗಿ ಎದ್ದು ನಿಂತ.

"ಮೂವತ್ತು ವರ್ಷ ನನ್ನ ಕೋವಿನ ಬೈದೆಯಲ್ಲ ಭಾವ, ಒಂದು ಸಲ ಭುಜಕ್ಕಿಟ್ಟು ನೋಡಿದೀಯಾ?"

ನೋಡಿರಲಿಲ್ಲ. ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದ.

ಸಿಕ್ಸ್ಟನ್ ಜೇಬಿನಿಂದ ತೋಟೆಯೊಂದನ್ನು ತೆಗೆದ. ಅವನ ದನಿ ಸ್ವಲ್ಪ ಇಳಿಯಿತು. "ಅಕ್ಕನ ಕೈಯ ಕಡೇದು ಇದು. ಹಾರಿಸು. ಆಮೇಲೂ ಎರಡೂ ಒಂದೇ ಅಂತ ಹೇಳು ನೋಡೋಣ. ಹೇಳಿದ್ರೆ ಅಟ್ಟಣೆ ನಿಂದು."

ಎಲ್ಲರೂ ನಕ್ಕರು. ಹಾಲ್ವಾರ್ ಕೈಚಾಚಿ ತೋಟೆ ತೆಗೆದುಕೊಂಡ. ಚರ್ಚಿನ ಮೊದಲ ಬೆಂಚಿನವನು ಅವನು. ಸುಳ್ಳು ಅವನ ಬಾಯಲ್ಲಿ ಹೊರಳುವುದಿಲ್ಲವೆಂಬುದು ಊರಿಗೇ ಗೊತ್ತು. ಮ್ಯಾಗ್ನಮ್ ಭುಜಕ್ಕೆ ಅಪ್ಪಳಿಸಿದ ಮೇಲೆ ಒಂದೇ ಎಂದು ಹೇಗೆ ಹೇಳುವುದು? ಮನಸ್ಸಿನಲ್ಲೇ ಲೋಟಕ್ಕೆ ವಿದಾಯ ಹೇಳಿದ. ತೋಟೆಯನ್ನು ಒಂದು ಕ್ಷಣ ಅಂಗೈಯಲ್ಲಿ ಬೆಚ್ಚಗಿಟ್ಟುಕೊಂಡ. ಪ್ರಾರ್ಥನೆ ಹೇಳಿ, ಹಲ್ಲು ಕಚ್ಚಿ, ಮರದ ಮೂಸ್ ಗುರಿಯತ್ತ ಹಾರಿಸಿದ.

ಸದ್ದು ಜಲ್ಲಿಗುಂಡಿಯನ್ನು ಸುತ್ತಿ ಬಂತು. ಹಾಲ್ವಾರ್ ಕೋವಿಯನ್ನು ಮೆಲ್ಲಗೆ ಕೆಳಗಿಟ್ಟ. ಭುಜ ಹಿಡಿದುಕೊಂಡ. ಮೊಣಕಾಲ ಮೇಲೆ ಕುಸಿದ. ಮುಖ ಮುಚ್ಚಿಕೊಂಡ, ಬೆನ್ನು ಕುಲುಕತೊಡಗಿತು. ಕೈ ತೆಗೆದಾಗ ಕೆನ್ನೆಯ ಮೇಲೆ ಕಣ್ಣೀರು ಹರಿದಿತ್ತು.

ಗುನ್ವೊರ್ ನೀರು ತಂದಳು. ಸಿಕ್ಸ್ಟನ್ ಗಾಬರಿಯಿಂದ ಪಕ್ಕದಲ್ಲಿ ಕೂತ. "ಎಲುಬಿಗೆ ಏನಾದ್ರೂ ಆಯ್ತಾ ಭಾವ?"

"ಇಲ್ಲ ಮಾರಾಯ," ಎಂದ ಹಾಲ್ವಾರ್, ಉಸಿರು ಹಿಡಿದು. "ಈ ಒದೆತಾನ ಸಾಯೋವರೆಗೂ ಮರೆಯಲ್ಲ. ಅಟ್ಟಣೆ ನೀನೇ ಇಟ್ಕೋ."

ಸಿಕ್ಸ್ಟನ್‌ನ ಮುಖ ಕ್ರಿಸ್ಮಸ್ ಮೋಂಬತ್ತಿಯಾಯಿತು. ತಂಡದ ಕಡೆ ಒಮ್ಮೆ ನೋಡಿದ, ಎಲ್ಲರೂ ಕೇಳಿದರೇ ಎಂದು. ಆಮೇಲೆ ಭಾವನ ಬೆನ್ನು ತಟ್ಟಿದ.

"ಅಟ್ಟಣೆ ಯಾರಿಗೆ ಬೇಕು? ಅಲ್ಲಿ ಕೂತ್ರೆ ನನ್ನ ಮೊಣಕಾಲು ಮರಗಟ್ಟುತ್ತೆ. ನಂಗೆ ಬೇಕಾಗಿದ್ದು ಈ ಮಾತು. ಒಂದೇ ಒಂದು ಕೆಲಸ ಮಾಡು. ಇನ್ನು ತೋಟೆ ತುಂಬೋರು ಯಾರೂ ಇಲ್ಲ. ನೀನೇ ತುಂಬಿಕೊಡು. ಅಕ್ಕ ಹಾಕ್ತಿದ್ದಷ್ಟೇ ಮದ್ದು ಹಾಕಬೇಕು, ಹೊಟ್ಟೆಕಿಚ್ಚಿಗೆ ಕಡಿಮೆ ಮಾಡಬಾರದು."

"ಅವಳು ಹಾಕ್ತಿದ್ದಷ್ಟೇ," ಎಂದ ಹಾಲ್ವಾರ್. "ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ."

ಸಂಜೆ ಅಟ್ಟಣೆ ಹತ್ತಿ, ಮೊಳೆಯಿಂದ ಲೋಟ ಇಳಿಸಿ, ಅದಕ್ಕೂ ಕಾಫಿ ಬಗ್ಗಿಸಿ, ಜಲ್ಲಿಗುಂಡಿಯಲ್ಲಿ ಅದುಮಿಟ್ಟ ನಗುವನ್ನು ಅವನು ಪೂರ್ತಿ ನಕ್ಕ: ಸಿಡಿಲು ಅವನ ಭುಜಕ್ಕೆ ಕೊಟ್ಟದ್ದು ಅವನದೇ ಹಾಲಿನ ಗಾಡಿಯ ಒದೆತ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ; ತಮ್ಮನ ಮುರಿದ ಎಲುಬಿಗಾಗಿ ಸಿಗ್ನೆ ಮೂವತ್ತು ವರ್ಷ ಎರಡೂ ಕೋವಿಗೆ ಆ ಒಂದೇ ಹಿತ್ತಾಳೆ ಅಳತೆಯಲ್ಲಿ ಮದ್ದು ಸುರಿದಿದ್ದಳು.